ಐರಾವತಿಯ ದಂಡೆಯಲ್ಲಿ ನಮ್ಮ ಕೂರಿಗೆ

ರಂಗೂನಿಗೆ ಹೋಗಿ ಬಂದವನೆಂದು ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವುದು ಎರಡೇ ಮಾತು. ಬಂಗಾರದ ಗುಡಿ ನೋಡಿದೆಯಾ, ಆನೆ ತೊಲೆ ಹೊರುವುದನ್ನು ನೋಡಿದೆಯಾ. ಎರಡನ್ನೂ ನೋಡಿದ್ದೇನೆ. ಹಡಗು ಹತ್ತಿದವರು ಯಾರಾದರೂ ಹೋಗಿ ಅವನ್ನು ನೋಡಿ ಬರಬಹುದು. ನಾನು ಹೇಳಬೇಕೆಂದಿರುವುದು ಬೇರೆ. ಆ ದೇಶದ ಒಂದು ಮನೆಯಲ್ಲಿ ಒಂದು ಮಳೆಗಾಲ ಪೂರ್ತಿ ಉಂಡೆ, ಮಲಗಿದೆ, ಎದ್ದೆ. ಆ ಮನೆಯವರ ಹೊಲದಲ್ಲಿ ಯಲಬುರ್ಗಾ ಸೀಮೆಯ ಕೂರಿಗೆ ಹೂಡಿದೆ. ಹಾಗೆ ಮಾಡಿ ಬಂದ ಇನ್ನೊಬ್ಬ ಬಡಿಗ ಈ ಕೊಪ್ಪಳದ ಸುತ್ತಿನಲ್ಲಿ ಇದ್ದರೆ ಬರಲಿ, ನಾನು ಎದ್ದು ಜಾಗ ಬಿಡುತ್ತೇನೆ.

ನಮ್ಮದು ಯಲಬುರ್ಗಾದ ಪಕ್ಕದ ಹಳ್ಳಿ. ಅಪ್ಪ ಬಡಿಗ, ಅವರ ಅಪ್ಪನೂ ಬಡಿಗ. ಆಗ ನಿಜಾಮರ ಆಳ್ವಿಕೆ. ಸಾಲೆಯಲ್ಲಿ ಮಾಸ್ತರರು ಉರ್ದು ಕಲಿಸುತ್ತಿದ್ದರು. ಮೂರನೆಯ ಇಯತ್ತೆಯಲ್ಲಿದ್ದಾಗ ಅಪ್ಪನ ಬಲಗೈ ಹೆಬ್ಬೆರಳಿಗೆ ಬಾಚಿಯ ಏಟು ಬಿತ್ತು. ಅವತ್ತು ನಾನು ಪಾಟಿ ಕೆಳಗಿಟ್ಟು ಬಾಚಿ ಹಿಡಿದವನು, ಮತ್ತೆ ಸಾಲೆಯ ಕಟ್ಟೆ ಹತ್ತಲಿಲ್ಲ. ಅದಕ್ಕೆ ನಾನು ಅತ್ತವನಲ್ಲ. ಇಪ್ಪತ್ತು ತುಂಬುವಷ್ಟರಲ್ಲಿ ಕುಷ್ಟಗಿ ಕಡೆಯ ಕೆಂಪು ಮಸಾರಿ ಹೊಲಕ್ಕೆ ಬೇರೆ, ನಮ್ಮ ಕರಿ ಎರೆಹೊಲಕ್ಕೆ ಬೇರೆ, ಕಣ್ಣಳತೆಯಲ್ಲೇ ಕೂರಿಗೆ ಕೂಡಿಸುತ್ತಿದ್ದೆ. ಹನುಮಸಾಗರದವರು ಬಂದು, ನನ್ನ ಕೈಯದೇ ಬೇಕೆಂದು ಎರಡು ದಿನ ನಮ್ಮ ಅಂಗಳದಲ್ಲಿ ಕೂತು ಮಾಡಿಸಿಕೊಂಡು ಹೋದದ್ದುಂಟು.

ಕೂರಿಗೆ ನೋಡದವರಿಗೆ ಒಂದು ಮಾತು. ಒಂದು ಅಡ್ಡ ದಿಂಡು. ಅದಕ್ಕೆ ನೆಲ ಸೀಳುವ ಮೂರು ತಾಳು. ಒಂದೊಂದು ತಾಳಿಗೆ ಒಂದೊಂದು ಬಿದಿರಿನ ಕೊಳವೆ. ಮೂರು ಕೊಳವೆಗಳೂ ಮೇಲೆ ಹೋಗಿ ಮೂರು ತೂತಿನ ಒಂದು ಮರದ ಬಟ್ಟಲಿಗೆ ಸೇರುತ್ತವೆ. ಎತ್ತು ಎಳೆಯುತ್ತ ಹೋದ ಹಾಗೆ ಬಟ್ಟಲಿಗೆ ಕಾಳು ಬಿಡುತ್ತ ಹೋದರೆ ಹೊಲದಲ್ಲಿ ಒಂದೇ ಸಲಕ್ಕೆ ಮೂರು ಸಾಲು ಬಿತ್ತಾಗುತ್ತದೆ. ಇಷ್ಟೇ. ಆದರೆ ಈ ಇಷ್ಟೇ ಎಂಬುದು ಎಷ್ಟು ದೊಡ್ಡದೆಂದು ತಿಳಿಯಲು ನಾನು ಸಮುದ್ರ ದಾಟಬೇಕಾಯಿತು.

ಕೊಪ್ಪಳದ ಕಟ್ಟಿಗೆ ವ್ಯಾಪಾರಿಯೊಬ್ಬರು ರಂಗೂನಿನ ಗರಗಸದ ಅಡ್ಡೆಗೆ ಕೈಗೆಲಸ ಬಲ್ಲವರನ್ನು ಕಳಿಸುತ್ತಿದ್ದರು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಕೆಲವು ವರ್ಷಗಳಿದ್ದವು. ಅವ್ವ ಬುತ್ತಿ ಕಟ್ಟಿದಳು, ಅಪ್ಪ ತನ್ನ ಬಾಚಿಯನ್ನೇ ಕೊಟ್ಟ. ಕೊಪ್ಪಳದಲ್ಲಿ ರೈಲು ಹತ್ತಿ, ಮದರಾಸಿನಲ್ಲಿ ಹಡಗು ಹತ್ತಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ ರಂಗೂನು ಮುಟ್ಟಿದೆ.

ಅಡ್ಡೆಯಲ್ಲಿ ನಮ್ಮ ದೇಶದವರಿಗೆಲ್ಲ ಒಂದು ಉದ್ದನೆಯ ತಗಡಿನ ಮನೆ. ಅಲ್ಲೇ ಅಡುಗೆ, ಅಲ್ಲೇ ಜಗಳ, ಅಲ್ಲೇ ನಿದ್ದೆ. ಎರಡು ಮೂರು ವರ್ಷ ಅಲ್ಲಿದ್ದು, ಆ ದೇಶದವರ ಒಂದು ಮನೆಯ ಹೊಸ್ತಿಲನ್ನೂ ತುಳಿಯದೆ ತಿರುಗಿ ಹೋದವರೇ ಹೆಚ್ಚು. ನನಗೆ ಅದು ಸರಿ ಬರಲಿಲ್ಲ. ಇಷ್ಟು ದೂರ ಬಂದು ತಗಡು ನೋಡುತ್ತ ಮಲಗುವುದಕ್ಕೆ ನಾನು ಮನೆ ಬಿಟ್ಟಿರಲಿಲ್ಲ.

ದೊಡ್ಡ ಗರಗಸದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಒಬ್ಬ ಬರ್ಮಾದವನ ಕೈಯಲ್ಲಿ. ನನ್ನದೇ ವಯಸ್ಸು. ವರ್ಷವಿಡೀ ಎದುರುಬದುರು ನಿಂತು ಎಳೆದವರು ಗೆಳೆಯರಾಗದೆ ಇರುವುದಿಲ್ಲ. ಅಡ್ಡೆಯಲ್ಲಿದ್ದು ಅವನು ಮುರುಕು ಹಿಂದೂಸ್ತಾನಿ ಕಲಿತಿದ್ದ; ನನಗೆ ಮೂರನೆಯ ಇಯತ್ತೆಯ ಉರ್ದು ಇತ್ತು. ಅರ್ಧಕ್ಕೆ ಬಿಟ್ಟ ಸಾಲೆ ಅಲ್ಲಿ ಉಪಯೋಗಕ್ಕೆ ಬಂತು. ಅವನು ಆಡಿದ್ದನ್ನೂ, ಅವನ ಮನೆಯವರು ಆಡಿ ಅವನು ನನಗೆ ತಿರುಗಿಸಿ ಹೇಳಿದ್ದನ್ನೂ ನಾನು ನಮ್ಮೂರ ಮಾತಿನಲ್ಲೇ ಬರೆಯುತ್ತೇನೆ. ನನಗೆ ಹಾಗೆಯೇ ಕೇಳಿಸಿದ್ದು.

ಒಂದು ದಿನ ಅವನು ಗರಗಸ ನಿಲ್ಲಿಸಿ, "ನಾ ಊರಿಗೆ ಹೊಂಟೀನಿ. ನೀನೂ ಬಾ," ಅಂದ.

"ಎಷ್ಟು ದಿನಕ್ಕ?"

"ತಿರುಗಿ ಬರೂದು ಮಾವನ ಕೈಯಾಗ ಐತಿ."

ಅವನಿಗೆ ತಂದೆ ಇರಲಿಲ್ಲ. ಊರಲ್ಲಿ ತಾಯಿ, ಒಂದು ಹೊಲ. ಇವನು ರಂಗೂನಿನಲ್ಲಿದ್ದುದರಿಂದ ಸೋದರಮಾವ ಆ ಹೊಲವನ್ನು ತನ್ನ ಹೊಲದ ಜೊತೆ ಸೇರಿಸಿಕೊಂಡು ಉಳಬೇಕೆಂದಿದ್ದ. ತಾಯಿ ಒಪ್ಪಿರಲಿಲ್ಲ. ಕೊನೆಗೆ ಅಣ್ಣ ತಂಗಿಯರ ನಡುವೆ ಆದ ಮಾತು ಇದು: ಮಗ ಬಂದು ಈ ಮಳೆಗೆ ತಾನೇ ಬಿತ್ತಲಿ; ಬೆಳೆ ನಿಂತರೆ ಹೊಲ ಅವನದು, ನಿಲ್ಲದಿದ್ದರೆ ಮಾವನದು. ಗೆಳೆಯನಿಗೆ ಗರಗಸದ ಪುಡಿ ನುಂಗುವುದು ಸಾಕಾಗಿತ್ತು. ಊರಲ್ಲೇ ಉಳಿಯುವ ಆಸೆ. ಆದರೆ ಹೊಲ ಬಿಟ್ಟು ಆರು ವರ್ಷವಾಗಿತ್ತು.

"ಹೊಲ ಎಂಥಾದ್ದು?" ಎಂದು ಕೇಳಿದೆ.

"ಕರೀ ಮಣ್ಣು. ಮಳಿ ಕಡಿಮಿ. ಜೋಳಾ, ಎಳ್ಳು, ಹತ್ತಿ."

ನಾನು ಬಾಚಿ, ಉಳಿ, ಕೊಡತಿ ಮೂರನ್ನೂ ಕಂಬಳಿಯಲ್ಲಿ ಸುತ್ತಿದೆ.

ಐರಾವತಿ ನಮ್ಮ ತುಂಗಭದ್ರೆಯಂಥ ಹೊಳೆಯಲ್ಲ. ಆ ದಡದಲ್ಲಿ ನಿಂತ ಎತ್ತು ಈ ದಡದಿಂದ ಇರುವೆಯಷ್ಟು ಕಾಣುತ್ತದೆ. ಉಗಿಹಡಗಿನಲ್ಲಿ ಮೇಲಕ್ಕೆ ಹೋಗುತ್ತ ಹೋಗುತ್ತ ಹಸಿರು ಕಡಿಮೆಯಾಯಿತು, ಆಕಾಶ ದೊಡ್ಡದಾಯಿತು. ಇಳಿದು ನಡೆದ ದಾರಿಯಲ್ಲಿ ಜಾಲಿ ಕಂಡೆ, ಈಚಲಿನ ಹಾಗೆ ನಿಂತ ತಾಳೆ ಕಂಡೆ, ಬಿಸಿಲಿಗೆ ಬಾಯಿಬಿಟ್ಟ ಎರೆ ನೆಲ ಕಂಡೆ. ಊರೂರ ಮುಂದೆ ನೆರಳು ಕಟ್ಟಿ, ದಾರಿಹೋಕರಿಗೆಂದು ಮಡಕೆಗಳಲ್ಲಿ ನೀರು ಇಟ್ಟಿದ್ದರು, ಬೇಸಿಗೆಯಲ್ಲಿ ನಮ್ಮವರು ಅರವಟ್ಟಿಗೆ ಇಡುವ ಹಾಗೆ. ನಮ್ಮಲ್ಲಿ ಬೇಸಿಗೆಗೆ ಮಾತ್ರ, ಅಲ್ಲಿ ವರ್ಷವಿಡೀ. ದಾರಿಯಲ್ಲಿ ಎರಡು ಕಡೆ ಗುರುತಿಲ್ಲದವರ ಮನೆಯಲ್ಲಿ ಉಳಿದೆವು. ಯಾರು, ಯಾವ ಜನ ಎಂದು ಒಬ್ಬರೂ ಕೇಳಲಿಲ್ಲ. ಮೊದಲು ನೀರು, ಆಮೇಲೆ ಅನ್ನ, ಕೊನೆಗೆ ಊರ ಹೆಸರು.

ಗೆಳೆಯನ ಮನೆ ಆಳೆತ್ತರದ ಕಂಬಗಳ ಮೇಲೆ ನಿಂತಿತ್ತು. ಕೆಳಗೆ ಎತ್ತು ಕಟ್ಟುವುದು, ಮೇಲೆ ಮನುಷ್ಯರು. ತಾಯಿ ಏಣಿಯ ಮೇಲೆ ಕೂತು ಮುಂಗೈ ಗಾತ್ರದ ಬಿಳಿ ಚುಟ್ಟ ಸೇದುತ್ತಿದ್ದಳು. ಹೆಣ್ಣುಮಕ್ಕಳು ಹಾಗೆ ಬಹಿರಂಗವಾಗಿ ಹೊಗೆ ಬಿಡುವುದನ್ನು ನಾನು ಕಂಡಿರಲಿಲ್ಲ, ನೆಲ ನೋಡಿದೆ. ಅವಳು ನನ್ನ ಕಂಬಳಿಯ ಗಂಟನ್ನೂ ನನ್ನನ್ನೂ ನೋಡಿ, "ಇಷ್ಟ ಕಪ್ಪಗ, ಇಷ್ಟ ಸೊರಗಿ ಅದಾನ. ರಂಗೂನಿನಾಗ ಅನ್ನ ಸಿಗೂದಿಲ್ಲೇನು?" ಅಂದಳು. ಅವರ ಭಾಷೆಯಲ್ಲಿ ತಾಯಿಗೆ ಅಮೇ ಅನ್ನುತ್ತಾರೆ. ಅದು ನನಗೆ ಮೊದಲ ದಿನವೇ ಬಾಯಿಗೆ ಬಂತು.

ಮೀನು ಮುಟ್ಟದವನೆಂದು ತಿಳಿದ ಮೇಲೆ ಆಕೆ ನನಗೆಂದೇ ಹೊಸ ಮಡಕೆ ತಂದಳು. ಆ ಮಡಕೆಯಲ್ಲಿ ದಿನವೂ ಅವರೆಕಾಳು ಕುದಿಯುತ್ತಿತ್ತು. ನಾನು ಗೊತ್ತಿಲ್ಲದೆ ದೇವರ ಗೂಡಿನ ಕಡೆಗೆ ಕಾಲು ಚಾಚಿ ಮಲಗಿದಾಗ ಆಕೆ ನನ್ನನ್ನು ಎಬ್ಬಿಸಿ, ಚಾಪೆ ತಿರುಗಿಸಿ ಹಾಸಿಕೊಟ್ಟಳು. ಮರುದಿನದಿಂದ ನಾನೇ ತಿರುಗಿಸಿ ಹಾಸಿದೆ.

ಎಲ್ಲ ಇತ್ತು, ರೊಟ್ಟಿ ಇರಲಿಲ್ಲ. ಒಂದು ಮುಂಜಾನೆ ಎತ್ತುಗಳ ಮುಂದೆ ಇಟ್ಟಿದ್ದ ಬುಟ್ಟಿಗೆ ಕೈ ಹಾಕಿದರೆ ಜೋಳ. ಅಕ್ಕಿ ಸಾಲದ ವರ್ಷ ಮನುಷ್ಯರೂ ಕುದಿಸಿ ಉಣ್ಣುತ್ತಾರೆ, ಉಳಿದಂತೆ ಅದು ದನದ ಪಾಲು ಎಂದು ಗೆಳೆಯ ಹೇಳಿದ. ಬೀಸುವ ಕಲ್ಲು ಕೇಳಿ ಇಸಿದುಕೊಂಡು ನಾನೇ ಬೀಸಿದೆ, ನಾದಿದೆ, ತಟ್ಟಿದೆ. ತಟ್ಟಿದ್ದು ಅಂಗೈಯಗಲ ಆಗುವುದರೊಳಗೆ ಬಿರುಕು ಬಿಟ್ಟಿತು. ಹಂಚಿಗೆ ಹಾಕುವಾಗ ಐದು ತುಂಡಾಯಿತು.

ಗೆಳೆಯ ಒಂದು ತುಂಡು ಎತ್ತಿ ನೋಡಿದ. "ನಿಮ್ಮ ದೇಶದ ರೊಟ್ಟಿ ಅಂದ್ರ ಇದನ?"

"ನಮ್ಮವ್ವ ಮಾಡಿದ್ರ ಹಿಂಗ ಆಗೂದಿಲ್ಲ. ಇಡೀ ಚಂದ್ರ ಇದ್ದಂಗ ಇರತೈತಿ."

ಅಮೇ ತುಂಡುಗಳನ್ನು ಅವರೆಕಾಳಿನಲ್ಲಿ ಅದ್ದಿ ತಿಂದು, ಎತ್ತಿನ ಬುಟ್ಟಿಯನ್ನು ಒಮ್ಮೆ ನೋಡಿ, "ಇವಕ್ಕ ರುಚಿ ಗೊತ್ತೈತಿ," ಅಂದಳು.

ಜೋಳದ ಹೊಲ ನೋಡಿದ ದಿನವೇ ನಾನು ಕೂರಿಗೆಯ ಮಾತು ತೆಗೆದೆ. ಅವರು ಕೈಯಿಂದ ಕಾಳು ಎರಚಿ, ಮರದ ಹಲ್ಲುಗಳಿರುವ ಹಲ್ಲುಕುಂಟೆ ಹೊಡೆದು ಮಣ್ಣು ಮುಚ್ಚುತ್ತಿದ್ದರು. ಒಂದಿಷ್ಟು ಕಾಳು ಹಕ್ಕಿಗೆ, ಒಂದಿಷ್ಟು ಬಿಸಿಲಿಗೆ. ಉಳಿದದ್ದು ಹುಟ್ಟಿದರೆ ಕಳೆಯ ನಡುವೆ ಪೈರು ಎಲ್ಲಿದೆಯೆಂದು ಹೆಣ್ಣುಮಕ್ಕಳು ಸೊಂಟ ಬಗ್ಗಿಸಿ ಹುಡುಕಬೇಕು. ಸಾಲಿನಲ್ಲಿ ಬಿತ್ತಿದರೆ ಕಾಳು ಹಸಿಯೊಳಗೆ ಇಳಿಯುತ್ತದೆ, ನಡುವೆ ಎತ್ತು ಹೂಡಿ ಕಳೆ ತೆಗೆಯುವ ಎಡೆಕುಂಟೆ ಹೊಡೆಯಬಹುದು. ಗೆಳೆಯ ತಾಯಿಯ ಮುಖ ನೋಡಿದ. ಅವಳು ಹೊಗೆ ಬಿಟ್ಟು, "ಮಾಡಲಿ," ಅಂದಳು. ಮಗನ ಹೊಲ ಹೋಗುವುದೋ ಉಳಿಯುವುದೋ ಎಂಬ ವರ್ಷ ಅದು. ಆ ಒಂದು ಮಾತಿನ ಭಾರ ನನಗೆ ಆಗ ಪೂರ್ತಿ ತಿಳಿಯಲಿಲ್ಲ.

ಜಾಲಿಯ ದಿಂಡು, ತೇಗದ ಬಟ್ಟಲು, ಆ ನಾಡಿನ ಬಿದಿರು. ತಾಳಿಗೆ ಹಾಕುವ ಕಬ್ಬಿಣದ ಕುಡವನ್ನು ಆ ಊರ ಕಮ್ಮಾರ ನಾನು ಇದ್ದಿಲಲ್ಲಿ ಗೆರೆ ಎಳೆದು ತೋರಿಸಿದ ಹಾಗೆಯೇ ಬಡಿದುಕೊಟ್ಟ. ಎಂಟು ದಿನಕ್ಕೆ ಕೂರಿಗೆ ನಿಂತಿತು. ನನ್ನ ಜನ್ಮದಲ್ಲಿ ಅದಕ್ಕಿಂತ ಚೆಂದದ್ದನ್ನು ನಾನು ಮಾಡಿಲ್ಲ. ಮಾವ ನೋಡಲು ಬಂದ. ದಪ್ಪ ಮೈ, ತಲೆಗೆ ಗುಲಾಬಿ ಬಣ್ಣದ ವಸ್ತ್ರ. ಒಂದು ಸುತ್ತು ಹಾಕಿ, "ನಮ್ಮ ಹಲ್ಲುಕುಂಟಿ ಮುದಿಕಿ ಆಗಿ ಹಲ್ಲ ಉದುರಿಸಿಕೊಂಡಂಗ ಐತಿ," ಅಂದ.

ಮೊದಲ ಮಳೆ ಬಿತ್ತು. ಗೆಳೆಯ ಎತ್ತು ಹೊಡೆದ, ನಾನು ಬಟ್ಟಲು ಹಿಡಿದೆ. ಊರೆಲ್ಲ ಬದುವಿನ ಮೇಲೆ. ಎದೆ ಉಬ್ಬಿಸಿ ಕಾಳು ಬಿಡುತ್ತ ಹೋದೆ. ಹೊಲದ ನಾಲ್ಕನೆಯ ಒಂದು ಭಾಗ ಆಗುವಷ್ಟರಲ್ಲಿ ಹಸಿ ಆರಿತು. ಉಳಿದದ್ದು ಮುಂದಿನ ಮಳೆಗೆಂದು ನಿಲ್ಲಿಸಿದೆವು.

ಆರನೆಯ ದಿನ ಮೊಳಕೆ ಬಂತು. ಒಂದು ಸಾಲು ಕೂದಲಿನ ಹಾಗೆ ಒತ್ತೊತ್ತು. ಅದರ ಪಕ್ಕದ್ದು ಬೋಳು. ಮೂರನೆಯದು ಅಲ್ಲೊಂದು ಇಲ್ಲೊಂದು. ಆ ತುದಿಯಿಂದ ಈ ತುದಿಯವರೆಗೆ ಹಾಗೆಯೇ.

ಮಾವ ನಗಲೂ ಇಲ್ಲ. "ಕಾಲು ಹೊಲಕ್ಕ ಅರ್ಧ ಬೀಜ ಹೋತು. ಇನ್ನರ್ಧ ಉಳದೈತಿ, ಮಳಿ ಇನ್ನೊಂದು ಬರಬಹುದು. ಈಗರ ಬಿಟ್ಟುಬಿಡ್ರಿ, ನಾ ಎರಚತೀನಿ," ಎಂದು ಅಳಿಯನಿಗೆ ಹೇಳಿ ಹೋದ. ಗೆಳೆಯ ಬೋಳು ಸಾಲಿನ ಮಣ್ಣು ಕೆದಕುತ್ತ ಕೂತ. ಆ ದಿನ ಅವನ ಮುಖ ನೋಡುವುದು ನನ್ನಿಂದ ಆಗಲಿಲ್ಲ.

ದೋಷ ಮರದಲ್ಲಿದೆ ಎಂದುಕೊಂಡೆ. ಬಟ್ಟಲಿನ ತೂತು ಕೆತ್ತಿದೆ, ಕೊಳವೆ ಕಳಚಿ ಊದಿದೆ, ದಿಂಡಿಗೆ ದಾರ ಹಿಡಿದೆ. ಕೂದಲೆಳೆಯಷ್ಟೂ ಸೊಟ್ಟ ಸಿಗಲಿಲ್ಲ. ಅಮೇ ಪಕ್ಕದಲ್ಲೇ ಚಾಪೆಯ ಮೇಲೆ ಚುಟ್ಟ ಸುತ್ತುತ್ತ ಕೂತಿದ್ದಳು. ಅದು ಆಕೆಯ ದಿನದ ಕೆಲಸ. ಆಕೆ ಕೇಳಿದಳು, ಗೆಳೆಯ ತಿರುಗಿಸಿ ಹೇಳಿದ:

"ನಿಮ್ಮೂರಾಗ ಇದಕ್ಕ ಕಾಳು ಬಿಡೂದು ಯಾರು?"

"ನಮ್ಮವ್ವ. ನಮ್ಮ ಕಡೆ ಹೆಣ್ಣಮಕ್ಕಳ ಬಿಡೂದು."

"ರೊಟ್ಟಿ ಮಾಡೂದು?"

"ನಮ್ಮವ್ವ."

"ಮತ್ತ ನೀ ಏನ ಮಾಡತಿ?"

"ಕೂರಿಗಿ ಮಾಡತೀನಿ. ರೊಟ್ಟಿ ತಿಂತೀನಿ."

ಗೆಳೆಯ ಇದನ್ನು ತಾಯಿಗೆ ಹೇಳುವಷ್ಟರಲ್ಲಿ ನಗು ತಡೆಯಲಾರದೆ ಏಣಿಯ ಮೇಲೆ ಕೂತುಬಿಟ್ಟ. ಮೂರು ದಿನದಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ನಾನು ನಗಲಿಲ್ಲ. ನನ್ನ ಕಣ್ಣಿಗೆ ನಮ್ಮ ಹೊಲ ಬಂತು. ಅಪ್ಪ ಎತ್ತು ಹೊಡೆಯುತ್ತಾನೆ, ಅವ್ವ ಸೀರೆಯ ಉಡಿಯಲ್ಲಿ ಕಾಳು ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆಯುತ್ತಾಳೆ, ಮುಷ್ಟಿ ಬಟ್ಟಲಿನ ಮೇಲೆ ಆಡುತ್ತದೆ. ಅಷ್ಟು ವರ್ಷ ನಾನು ಬದುವಿನ ಮೇಲೆ ನಿಂತು ನೋಡಿದ್ದು ನನ್ನ ತಾಳು ನೆಲ ಸೀಳುವುದನ್ನು. ಅವ್ವನ ಕೈ ಏನು ಮಾಡುತ್ತದೆ ಎಂದು ಒಂದು ಸಲವೂ ನೋಡಿರಲಿಲ್ಲ. ಅದನ್ನೂ ಕೆಲಸವೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಗ ಅಮೇಯ ಕೈ ನೋಡಿದೆ. ನನ್ನ ಜೊತೆ ಮಾತಾಡುತ್ತಲೇ ಬುಟ್ಟಿಗೆ ಕೈ ಹಾಕುತ್ತಾಳೆ, ಹೊಗೆಸೊಪ್ಪಿನ ಪುಡಿ ತೆಗೆಯುತ್ತಾಳೆ, ಎಲೆಗೆ ಹಾಕಿ ಸುತ್ತುತ್ತಾಳೆ. ಒಮ್ಮೆಯೂ ಕೆಳಗೆ ನೋಡುವುದಿಲ್ಲ. ಸುತ್ತಿಟ್ಟ ಚುಟ್ಟಗಳಲ್ಲಿ ನಾಲ್ಕು ಎತ್ತಿ ಅಂಗೈಯಲ್ಲಿ ತೂಗಿದೆ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇಲ್ಲ.

ಕೂರಿಗೆಯನ್ನು ಮನೆಯ ಕೆಳಗೆ ಎರಡು ಕಲ್ಲಿನ ಮೇಲೆ ನಿಲ್ಲಿಸಿ, ಮೂರು ತಾಳಿನ ಕೆಳಗೆ ಮೂರು ತೆಂಗಿನ ಚಿಪ್ಪು ಇಟ್ಟೆ. ಆಕೆಯ ಕೈಗೆ ಒಂದು ಮುಷ್ಟಿ ಜೋಳ ಕೊಟ್ಟೆ. ಮೊದಲ ಸಲ ಒಂದು ಚಿಪ್ಪು ತುಂಬಿತು, ಎರಡು ಬರಿದು. ಆಕೆ ಅದನ್ನು ನೋಡಿ, ಬೆರಳು ಸ್ವಲ್ಪ ಬಿಗಿಮಾಡಿ, ಹೆಬ್ಬೆರಳಿನಿಂದ ಕಾಳು ನೂಕುತ್ತ ಮುಷ್ಟಿಯನ್ನು ಬಟ್ಟಲಿನ ಸುತ್ತ ತಿರುಗಿಸಿದಳು. ಅದನ್ನು ನಾನು ಹೇಳಿಕೊಟ್ಟದ್ದಲ್ಲ. ಮಧ್ಯಾಹ್ನದ ಹೊತ್ತಿಗೆ ಮೂರು ಚಿಪ್ಪಿನಲ್ಲೂ ಕಾಳು ಒಂದೇ ಮಟ್ಟಕ್ಕೆ ನಿಂತಿತ್ತು. ಆಮೇಲೆ ನಡೆಯುತ್ತ ಬಿಡುವುದು. ಗೆಳೆಯನೂ ನಾನೂ ಎತ್ತಿನ ಬದಲು ಕೂರಿಗೆ ಹೊತ್ತು ಅಂಗಳದಲ್ಲಿ ನಡೆದೆವು. ಆಕೆ ಬಾಯಲ್ಲಿ ಚುಟ್ಟ ಕಚ್ಚಿಕೊಂಡು ಹಿಂದೆ ಬಂದಳು. ನೆರೆಮನೆಯವರು ನಮ್ಮ ಮೂವರಿಗೂ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಎರಡನೆಯ ಮಳೆ ಹದಿನೆಂಟು ದಿನ ಕಾಯಿಸಿ ಬಂತು. ಈ ಸಲ ನಾನು ನಮ್ಮೂರ ಪದ್ಧತಿ ಬಿಡಲಿಲ್ಲ. ಕೂರಿಗೆ ತೊಳೆದು, ಅರಿಷಿಣ ಹಚ್ಚಿ, ನನ್ನ ಹೊಸ ಟವಲನ್ನು ಅಮೇಯ ಸೊಂಟಕ್ಕೆ ಉಡಿಯ ಹಾಗೆ ಕಟ್ಟಿಸಿ, ಐದು ಮುಷ್ಟಿ ಜೋಳ ತುಂಬಿ ಕೈ ಮುಗಿದೆ. ಏಕೆಂದು ಆಕೆ ಕೇಳಲಿಲ್ಲ. ಐದೂ ಮುಷ್ಟಿಯನ್ನು ಎರಡೂ ಕೈಯಿಂದ ಒತ್ತಿ ಸರಿಮಾಡಿಕೊಂಡಳು.

ಮಾವ ಬದುವಿನ ಮೇಲೆ ನಿಂತಿದ್ದ. "ಚುಟ್ಟ ಸುತ್ತೂ ಕೈಲೆ ಬಿತ್ತತಿಯೇನ ತಂಗಿ?"

"ಅಣ್ಣ, ನಿನ್ನ ಬಾಯಾಗಿರೂ ಚುಟ್ಟ ಸುತ್ತಿದ್ದೂ ಇದ ಕೈ. ಎಂದರ ಸಡಲ ಆಗೈತೇನು?"

ಅವನು ಬಾಯಿಂದ ಚುಟ್ಟ ತೆಗೆದು ನೋಡಿದ. ಮತ್ತೆ ಇಟ್ಟುಕೊಂಡ.

ಗೆಳೆಯ ಎತ್ತು ಹೊಡೆದ, ಆಕೆ ಬೀಜದ ಬುಟ್ಟಿಯಿಂದ ಮತ್ತೆ ಮತ್ತೆ ಉಡಿ ತುಂಬಿಕೊಂಡು ಕಾಳು ಬಿಟ್ಟಳು, ನಾನು ಹಿಂದೆ ಕುಂಟೆ ಹಿಡಿದು ಸಾಲು ಮುಚ್ಚುತ್ತ ಹೋದೆ. ಕೆಟ್ಟಿದ್ದ ಮೂಲೆಯನ್ನೂ ಸೇರಿಸಿ ಹೊಲ ಪೂರ್ತಿ ಆಯಿತು, ಉಡಿಯಲ್ಲಿ ಇನ್ನೂ ಕಾಳು ಉಳಿದಿತ್ತು. ಅದನ್ನು ಆಕೆ ಬೊಗಸೆಯಲ್ಲಿ ಎತ್ತಿ ಅಣ್ಣನಿಗೆ ಕಾಣುವ ಹಾಗೆ ಹಿಡಿದಳು, ಮತ್ತೆ ಉಡಿಗೆ ಹಾಕಿಕೊಂಡಳು.

ಐದು ದಿನ ನಾನು ಹೊಲದ ಕಡೆ ಹೋಗಲಿಲ್ಲ. ಆರನೆಯ ಮುಂಜಾನೆ ಗೆಳೆಯ ಓಡುತ್ತ ಬಂದ. ಉಸಿರು ಹಿಡಿಯಲಾರದೆ ನನ್ನ ತೋಳು ಎಳೆದ. ಹೋಗಿ ನೋಡಿದರೆ ಕರಿ ನೆಲದ ಮೇಲೆ ಹಸಿರು ಗೆರೆಗಳು, ಬದುವಿನಿಂದ ಬದುವಿನವರೆಗೆ, ಬಾಚಣಿಕೆಯಿಂದ ಬಾಚಿದ ಹಾಗೆ. ನಾನು ಸಾಲಿನ ನಡುವೆ ಕೂತು ಗೇಣು ಹಾಕಿ ಅಳೆದೆ. ಎದ್ದು ಇನ್ನೊಂದು ಕಡೆ ಅಳೆದೆ. ನಮ್ಮೂರ ಎರೆಹೊಲ ಅಲ್ಲಿ ಬಂದು ಮಲಗಿದ ಹಾಗಿತ್ತು.

ಎಡೆಕುಂಟೆಯನ್ನೂ ಮಾಡಿದೆ. ಪಕ್ಕದ ಹೊಲದಲ್ಲಿ ಮಾವನ ಮನೆಯ ಹೆಂಗಸರು ಬಗ್ಗಿ ಕಳೆ ಕೀಳುತ್ತಿದ್ದರೆ, ನಮ್ಮ ಹೊಲದಲ್ಲಿ ಎತ್ತು ಸಾಲಿನ ನಡುವೆ ನಡೆದು ಕಳೆ ಕಿತ್ತು ಹಾಕುತ್ತಿತ್ತು. ಆ ಹೆಂಗಸರು ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತು ನೋಡುವರು. ಮನೆಗೆ ಹೋಗಿ ಮಾವನಿಗೆ ಏನು ಹೇಳುತ್ತಿದ್ದರೋ ನನಗೆ ಗೊತ್ತಿಲ್ಲ. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಅವನು ಏಣಿಯ ಕೆಳಗೆ ಬಂದು ನಿಂತ. ಮೇಲೆ ಹತ್ತಲಿಲ್ಲ.

"ಹೊಲ ನಿಮ್ಮ ಕಡೆನ ಇರಲಿ," ಎಂದು ಅಳಿಯನಿಗೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಿ, "ಏ ಕರಿಯ, ನನಗೂ ಒಂದ ಮಾಡಿಕೊಡು."

ನಾನು ಬಾಯಿ ತೆರೆಯುವ ಮೊದಲೇ ಮೇಲಿನಿಂದ ಅಮೇ ಅಂದಳು, "ಮರ ಅವಂದು, ಕೈ ನಂದು. ಬರೇ ಮರ ಒಯ್ದು ಏನ ಮಾಡತಿ? ಮೊದಲ ನನ್ನ ಕೇಳು."

ಅವನು ಕೇಳಿದ. ಊರವರ ಮುಂದೆ, ತಂಗಿಯನ್ನು, ತಲೆಯ ವಸ್ತ್ರ ಸರಿಮಾಡಿಕೊಂಡು ಕೇಳಿದ. ಸುಗ್ಗಿಯವರೆಗೆ ನಾನು ಆ ಊರಿನಲ್ಲಿ ಏಳು ಕೂರಿಗೆ ಮಾಡಿದೆ. ಏಳು ಮನೆಯ ಹೆಣ್ಣುಮಕ್ಕಳು ಅಮೇಯ ಅಂಗಳದಲ್ಲಿ ತೆಂಗಿನ ಚಿಪ್ಪು ಇಟ್ಟುಕೊಂಡು ಕೈ ಪಳಗಿಸಿದರು. ಗೆಳೆಯ ಮತ್ತೆ ರಂಗೂನಿಗೆ ಬರಲಿಲ್ಲ. ನನ್ನನ್ನು ಹಡಗಿನವರೆಗೆ ಕಳಿಸಲು ಬಂದವನು ಹೊಸ ಜೋಳದ ಒಂದು ಗಂಟು ಕೊಟ್ಟು, "ನಿಮ್ಮವ್ವಗ ಕೊಡು. ಇಡೀ ಚಂದ್ರ ಮಾಡಲಿ," ಅಂದ.

ಯುದ್ಧ ರಂಗೂನು ಮುಟ್ಟುವ ಮೊದಲೇ ನಾನು ಊರು ಸೇರಿದ್ದೆ. ಆ ವರ್ಷದ ಬಿತ್ತಿಗೆಗೆ ನಾನು ಬದುವಿನ ಮೇಲೆ ನಿಲ್ಲಲಿಲ್ಲ. ಅವ್ವನ ಪಕ್ಕದಲ್ಲೇ, ಅವಳ ಮುಷ್ಟಿ ನೋಡುತ್ತ ನಡೆದೆ. ಹೆಬ್ಬೆರಳು ಕಾಳು ನೂಕುವ ರೀತಿ ಅದೇ, ಮುಷ್ಟಿ ತಿರುಗುವ ರೀತಿ ಅದೇ.

"ಏನ ನೋಡಾಕತ್ತಿ?" ಅಂದಳು ಅವ್ವ.

"ನಿನ್ನ ಕೈ."

"ಯಾಕ, ರಂಗೂನಿಗೆ ಹೋಗೂಮುಂದ ನನಗ ಕೈ ಇದ್ದಿಲ್ಲೇನು?"

ನಾನು ಎಲ್ಲ ಹೇಳಿದೆ. ಒಂದು ಸುತ್ತು ಮುಗಿದು ಎತ್ತು ತಿರುಗುವವರೆಗೆ ಅವ್ವ ಕಾಳು ಬಿಡುತ್ತಲೇ ಕೇಳಿದಳು. ಆಮೇಲೆ, "ಆಕಿ ಸಾಲು ಛಲೋ ಇದ್ವೋ, ನನ್ನೂವೋ?" ಅಂದಳು.

"ಎರಡೂ ಒಂದ ಅಳತಿ," ಅಂದೆ. ಕೂರಿಗೆ ಎರಡೂ ಕಡೆ ನನ್ನದೇ ಇತ್ತಲ್ಲ.